ಡ್ರೋನ್ ತೋರಿಸುವ ಎತ್ತರ ನಿಜವೇ? ಜಟಿಂಗ ರಾಮೇಶ್ವರದಂಥ ಬೆಟ್ಟದ ಬಳಿ ಹೊಸಬರು ತಿಳಿದಿರಬೇಕಾದ ಸಂಗತಿಗಳು

ಬೆಟ್ಟದ ನೆತ್ತಿಯ ಮೇಲೊಂದು ಗುಡಿ, ಕೆಳಗೆ ಕಣ್ಣು ಹಾಯಿಸಿದಷ್ಟೂ ಬಯಲು, ಹಿನ್ನೆಲೆಯಲ್ಲಿ ಒಂದು ಹಾಡು. ಮೂವತ್ತು ಸೆಕೆಂಡಿನ ಇಂಥ ಡ್ರೋನ್ ವಿಡಿಯೊಗಳು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತವೆ. ನೋಡಿದ ಕೂಡಲೇ "ನಾವೂ ಒಂದು ಡ್ರೋನ್ ತಗೊಂಡು ನಮ್ಮೂರ ಬೆಟ್ಟ ತೆಗೆಯೋಣ" ಅನ್ನಿಸುವುದು ಸಹಜ. ಇಂಥ ವಿಡಿಯೊಗಳ ಜೊತೆಗೇ ಕೆಲವು ಮಾತುಗಳೂ ಓಡಾಡುತ್ತವೆ: "250 ಗ್ರಾಂ ಒಳಗಿದ್ದರೆ ಯಾವ ಕಾನೂನೂ ಇಲ್ಲ", "ಸಿಗ್ನಲ್ ಹೋದರೆ ಭಯವಿಲ್ಲ, ತಾನೇ ವಾಪಸ್ ಬರುತ್ತೆ", "ಈ ಸೆಟ್ಟಿಂಗ್ ಹಾಕಿಕೊಳ್ಳಿ, ಡ್ರೋನ್ ಬಂಡೆಯ ಹಾಗೆ ನಿಲ್ಲುತ್ತೆ". ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ. ಹೊಸಬರು ಡ್ರೋನ್ ಕಳೆದುಕೊಳ್ಳುವ ಅಥವಾ ಇನ್ನೊಬ್ಬರಿಗೆ ಪೆಟ್ಟು ಮಾಡುವ ಕಾರಣಗಳು ಬಹುಪಾಲು ಈ ಒಂದೇ ಜಾಗದಲ್ಲಿ ಸಿಗುತ್ತವೆ. ನಿಮ್ಮೂರಿನ ಬೆಟ್ಟಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.

ಈ ಬೆಟ್ಟದಲ್ಲಿ ವಿಶೇಷವೇನು?

ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಬೆಟ್ಟದ ಮೇಲೆ ರಾಮೇಶ್ವರನ ಗುಡಿಯಿದೆ. ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವೂ ಇದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಅಶೋಕನ ಶಾಸನಗಳಿವೆ. ಈ ಮೂರನ್ನೂ 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್.

ಡ್ರೋನ್ ಹಿಡಿದು ಹೋದವರಿಗೆ ಈ ಬೆಟ್ಟ ಬೇರೆಯದೇ ಪ್ರಶ್ನೆಗಳನ್ನು ಕೇಳುತ್ತದೆ. ನೆಲ ಸಮತಟ್ಟಾಗಿಲ್ಲ. ದೊಡ್ಡ ಬಂಡೆಗಳು ಸಿಗ್ನಲ್ಲಿಗೆ ಅಡ್ಡ ಬರುತ್ತವೆ. ಬಯಲಿನಿಂದ ಬರುವ ಗಾಳಿ ಬೆಟ್ಟಕ್ಕೆ ಬಡಿದು ದಿಕ್ಕು ಬದಲಿಸುತ್ತದೆ. ಮೆಟ್ಟಿಲುಗಳ ಮೇಲೆ ಭಕ್ತರು ಇರುತ್ತಾರೆ. ಹೀಗಾಗಿ ಮೊದಲು ಎತ್ತರದ ಲೆಕ್ಕವನ್ನೇ ನೋಡೋಣ.

ಪರದೆಯ ಮೇಲಿನ ಎತ್ತರ ಎಲ್ಲಿಂದ ಎಣಿಸಿದ್ದು?

ಮೊಬೈಲ್ ಪರದೆಯಲ್ಲಿ "ಎತ್ತರ 100 ಮೀಟರ್" ಎಂದು ಕಂಡರೆ ಡ್ರೋನ್ ತನ್ನ ಕೆಳಗಿನ ನೆಲದಿಂದ 100 ಮೀಟರ್ ಮೇಲಿದೆ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಅದು ತಪ್ಪು. ಸಾಮಾನ್ಯ ಡ್ರೋನ್ ತೋರಿಸುವುದು ತಾನು ಮೇಲೆದ್ದ ಜಾಗದಿಂದ ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನು. ಗಾಳಿಯ ಒತ್ತಡ ಅಳೆಯುವ ಸಣ್ಣ ಬ್ಯಾರೋಮೀಟರ್ ಚಿಪ್ ಈ ಕೆಲಸ ಮಾಡುತ್ತದೆ. ಹೊಟ್ಟೆಯಡಿಯ ಸೆನ್ಸರ್‌ಗಳು ಕೆಳಗಿನ ನೆಲವನ್ನು ನೋಡುತ್ತವೆ ನಿಜ. ಆದರೆ ಅವುಗಳ ದೃಷ್ಟಿ ಕೆಲವೇ ಮೀಟರ್‌ಗಳಷ್ಟು.

ಒಂದು ಲೆಕ್ಕ ಮಾಡೋಣ. ಬೆಟ್ಟದ ನೆತ್ತಿ ಬುಡಕ್ಕಿಂತ 200 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ.

ನೀವು ಬುಡದಲ್ಲಿ ನಿಂತು ಡ್ರೋನನ್ನು 100 ಮೀಟರ್ ಏರಿಸಿ ಬೆಟ್ಟದ ಕಡೆಗೆ ಬಿಡುತ್ತೀರಿ. ಪರದೆಯಲ್ಲಿ 100 ಎಂಬ ಅಂಕಿ ಕದಲುವುದಿಲ್ಲ. ಆದರೆ ಕೆಳಗಿನ ನೆಲ ಮೇಲೇರುತ್ತಾ ಬರುತ್ತದೆ. ಅಂತರ 60 ಆಗುತ್ತದೆ, 20 ಆಗುತ್ತದೆ, ಕೊನೆಗೆ ಅರ್ಧ ಬೆಟ್ಟದ ಬಳಿ ಸೊನ್ನೆ. ಅಂಕಿ ಆಗಲೂ 100 ಎಂದೇ ಹೇಳುತ್ತಿರುತ್ತದೆ.

ಈಗ ಉಲ್ಟಾ ನೋಡಿ. ನೀವು ನೆತ್ತಿಯ ಮೇಲೆ ನಿಂತು ಬರೀ 20 ಮೀಟರ್ ಏರಿಸಿ ಬಯಲಿನ ಕಡೆ ಬಿಡುತ್ತೀರಿ. ಪರದೆ 20 ಎನ್ನುತ್ತದೆ. ಡ್ರೋನ್ ನಿಜವಾಗಿ ಹೊಲಗಳ ಮೇಲೆ 220 ಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ದೇಶದ ನಿಯಮದಲ್ಲಿ ಹಸಿರು ವಲಯದಲ್ಲಿ ಅನುಮತಿಯಿಲ್ಲದೆ ಹಾರಬಹುದಾದ ಮಿತಿ ನೆಲದಿಂದ 120 ಮೀಟರ್, ಅಂದರೆ 400 ಅಡಿ. ಸ್ಟಿಕ್ ಅನ್ನು ಸ್ವಲ್ಪವೇ ಒತ್ತಿದ್ದರೂ ನೀವು ಮಿತಿ ದಾಟಿಯಾಯಿತು.

"ಸಿಗ್ನಲ್ ಹೋದರೆ ತಾನೇ ವಾಪಸ್ ಬರುತ್ತೆ": ಎಷ್ಟು ನಿಜ?

ಅರ್ಧ ನಿಜ. ಜಿಪಿಎಸ್ ಇರುವ ಡ್ರೋನ್‌ಗಳಲ್ಲಿ ‘ರಿಟರ್ನ್ ಟು ಹೋಮ್’ ಎಂಬ ಸೌಲಭ್ಯ ಇರುತ್ತದೆ. ರಿಮೋಟ್ ಸಂಪರ್ಕ ಕಡಿದರೆ ಡ್ರೋನ್ ಮೊದಲೇ ನಿಗದಿಯಾದ ಎತ್ತರಕ್ಕೆ ಏರಿ, ಮೇಲೆದ್ದ ಜಾಗಕ್ಕೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬಂದು ಇಳಿಯುತ್ತದೆ. ಬಯಲಿನಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಬೆಟ್ಟದಲ್ಲಿ ತೊಂದರೆ ಇಲ್ಲೇ ಶುರು. ಡ್ರೋನ್ ಬಂಡೆಯ ಹಿಂದೆ ಹೋದಾಗಲೇ ಸಂಪರ್ಕ ಕಡಿಯುತ್ತದೆ. ಅಂದರೆ ನಿಮಗೂ ಡ್ರೋನಿಗೂ ನಡುವೆ ಬಂಡೆ ಇರುವ ಹೊತ್ತಿಗೇ ಅದು ನೇರ ಗೆರೆಯಲ್ಲಿ ಮನೆಗೆ ಹೊರಡುತ್ತದೆ. ವಾಪಸಾಗುವ ಎತ್ತರ 40 ಮೀಟರ್ ಎಂದಿದ್ದು, ನಡುವಿನ ದಿಣ್ಣೆ ನೀವು ನಿಂತ ಜಾಗಕ್ಕಿಂತ 70 ಮೀಟರ್ ಎತ್ತರವಿದ್ದರೆ ಡ್ರೋನ್ ಬಂದು ಬಂಡೆಗೇ ಗುದ್ದುತ್ತದೆ. ಅಡ್ಡಿ ಗುರುತಿಸುವ ಸೆನ್ಸರ್ ಇರುವ ದುಬಾರಿ ಡ್ರೋನ್‌ಗಳು ಸಾಮಾನ್ಯವಾಗಿ ನಿಲ್ಲುತ್ತವೆ. ಅಗ್ಗದವುಗಳಿಗೆ ಆ ಕಣ್ಣಿಲ್ಲ. ಸೆನ್ಸರ್ ಇದ್ದರೂ ಮುಸ್ಸಂಜೆಯ ಮಬ್ಬಿನಲ್ಲಿ, ತೆಳ್ಳನೆಯ ಕೊಂಬೆ, ವಿದ್ಯುತ್ ತಂತಿಗಳ ಮುಂದೆ ಅದನ್ನು ನೆಚ್ಚುವಂತಿಲ್ಲ.

ನಾವು ಕಲಿಯುವಾಗ ಮೊದಲ ಡ್ರೋನ್ ಕಳೆದುಕೊಂಡದ್ದೂ ಹೀಗೆಯೇ. ಬೆಟ್ಟವೂ ಅಲ್ಲ, ಸ್ನೇಹಿತರ ಹೊಲದ ಬದುವಿನಲ್ಲಿದ್ದ ಒಂದು ಬೇವಿನ ಮರ. ವಾಪಸಾಗುವ ಎತ್ತರ ಎಷ್ಟಿದೆ ಎಂದು ನಾವು ನೋಡಿಯೇ ಇರಲಿಲ್ಲ. ತಪ್ಪು ಡ್ರೋನಿನದ್ದಲ್ಲ, ನಮ್ಮದು.

ಆದ್ದರಿಂದ ಪ್ರತಿ ಸಲ ಮೇಲೆದ್ದೊಡನೆ ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಒಂದು, ಜಿಪಿಎಸ್ ಉಪಗ್ರಹಗಳು ಸಿಕ್ಕು "ಹೋಮ್ ಪಾಯಿಂಟ್ ದಾಖಲಾಗಿದೆ" ಎಂಬ ಸೂಚನೆ ಬಂದಿರಬೇಕು. ಅವಸರದಲ್ಲಿ ಮೊದಲೇ ಹಾರಿಸಿದರೆ ಮನೆ ಎಲ್ಲಿದೆ ಎಂಬುದೇ ಡ್ರೋನಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಎರಡು, ವಾಪಸಾಗುವ ಎತ್ತರ ಸುತ್ತಲಿನ ಅತಿ ಎತ್ತರದ ಮರ, ಕಂಬ, ದಿಣ್ಣೆಗಿಂತ ಕನಿಷ್ಠ 20 ಮೀಟರ್ ಹೆಚ್ಚಿರಬೇಕು. ಅಷ್ಟು ಎತ್ತರ ಇಡಲು ಹೋದರೆ 120 ಮೀಟರ್ ಮಿತಿ ಮೀರುತ್ತದೆ ಎಂದಾದರೆ ಆ ಜಾಗ ಹೊಸಬರಿಗೆ ತಕ್ಕದ್ದಲ್ಲ. ಮೂರು, ಡ್ರೋನ್ ಯಾವಾಗಲೂ ನಿಮ್ಮ ಬರಿಗಣ್ಣಿಗೆ ಕಾಣುತ್ತಿರಬೇಕು. ಪರದೆಯಲ್ಲಿ ಕಾಣುವುದು ಲೆಕ್ಕಕ್ಕಿಲ್ಲ.

ಗಾಳಿಯ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ ಎಂಬ ಕಾರಣಕ್ಕೇ ಅವನ್ನು ನಿಲ್ಲಿಸಿರುವುದು. ಆಷಾಢದ ಗಾಳಿ ಹೇಗಿರುತ್ತದೆಂದು ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ.

ನಿಮ್ಮ ಡ್ರೋನಿನ ಗರಿಷ್ಠ ವೇಗ ಸೆಕೆಂಡಿಗೆ 10 ಮೀಟರ್, ಗಾಳಿಯ ವೇಗ 6 ಮೀಟರ್ ಎಂದುಕೊಳ್ಳಿ. ಗಾಳಿ ಬೀಸುವ ಕಡೆಗೇ ಬಿಟ್ಟರೆ ಡ್ರೋನ್ ಸೆಕೆಂಡಿಗೆ 16 ಮೀಟರಿನಂತೆ ಓಡುತ್ತದೆ. 800 ಮೀಟರ್ ಹೋಗಲು 50 ಸೆಕೆಂಡ್ ಸಾಕು. ವಾಪಸ್ ಬರುವಾಗ ಗಾಳಿಗೆ ಎದುರಾಗಿ ಸಿಗುವ ವೇಗ ಬರೀ 4 ಮೀಟರ್. ಅದೇ ದೂರಕ್ಕೆ 200 ಸೆಕೆಂಡ್ ಬೇಕು, ಅಂದರೆ ನಾಲ್ಕು ಪಟ್ಟು. ಬ್ಯಾಟರಿ ಅರ್ಧ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದವರ ಡ್ರೋನ್ ದಾರಿಯಲ್ಲೇ ಇಳಿಯುವುದು ಈ ಕಾರಣಕ್ಕೆ. ಹಾಗಾಗಿ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ.

ಬೆಟ್ಟದಲ್ಲಿ ಇನ್ನೊಂದು ಅಪಾಯವಿದೆ. ಗಾಳಿ ಬಡಿಯುವ ಮಗ್ಗುಲಿನಲ್ಲಿ ಅದು ಮೇಲಕ್ಕೆ ಏರುತ್ತದೆ, ದಾಟಿದ ಮೇಲೆ ಆಚೆ ಮಗ್ಗುಲಿನಲ್ಲಿ ಕೆಳಕ್ಕೆ ಧುಮುಕಿ ಸುಳಿಯಾಗುತ್ತದೆ. ಹೊಳೆಯ ನೀರು ಬಂಡೆ ದಾಟಿದ ಮೇಲೆ ಸುತ್ತುವ ಹಾಗೆಯೇ. ಸಣ್ಣ ಡ್ರೋನುಗಳಿಗೆ ಈ ಸುಳಿಯಿಂದ ಹೊರಬರುವ ಶಕ್ತಿ ಕಡಿಮೆ. ಗಾಳಿ ಇರುವ ದಿನ ಬೆಟ್ಟದ ಮರೆಯ ಮಗ್ಗುಲಿಗೆ ಹೋಗಲೇಬೇಡಿ.

"ಈ ಸೆಟ್ಟಿಂಗ್ ಹಾಕಿಕೊಳ್ಳಿ": ಟ್ಯೂನಿಂಗ್ ಅಂದರೆ ಏನು?

ನಾಲ್ಕು ಮೋಟಾರಿನ ಡ್ರೋನ್ ತಾನಾಗಿ ಸಮತೋಲನದಲ್ಲಿ ನಿಲ್ಲುವ ಯಂತ್ರವಲ್ಲ. ಒಳಗಿನ ಕಂಪ್ಯೂಟರ್ ಸೆಕೆಂಡಿಗೆ ನೂರಾರು, ಸಾವಿರಾರು ಸಲ "ಎಷ್ಟು ವಾಲಿದ್ದೇನೆ" ಎಂದು ಅಳೆದು ಮೋಟಾರುಗಳ ವೇಗವನ್ನು ತಿದ್ದುತ್ತಿರುತ್ತದೆ. ಆ ತಿದ್ದುಪಡಿಯ ಪ್ರಮಾಣವನ್ನು ಹೊಂದಿಸುವುದೇ ಟ್ಯೂನಿಂಗ್. ಅದರಲ್ಲಿ ಮೂರು ಅಕ್ಷರ ಕೇಳಿಬರುತ್ತವೆ: ಪಿ, ಐ, ಡಿ.

ಸೈಕಲ್ ಕಲಿತ ದಿನ ನೆನಪಿಸಿಕೊಳ್ಳಿ. ಸೈಕಲ್ ಹೆಚ್ಚು ವಾಲಿದರೆ ಹೆಚ್ಚು, ಕಡಿಮೆ ವಾಲಿದರೆ ಕಡಿಮೆ ಹ್ಯಾಂಡಲ್ ತಿರುಗಿಸುತ್ತೀರಿ. ಇದು ಪಿ. ಪಕ್ಕದಿಂದ ಒಂದೇ ಸಮ ಗಾಳಿ ತಳ್ಳುತ್ತಿದ್ದರೆ ಮೈಯನ್ನು ಆ ಕಡೆಗೆ ಕೊಂಚ ವಾಲಿಸಿಯೇ ಇಟ್ಟುಕೊಳ್ಳುತ್ತೀರಿ. ಉಳಿದುಹೋಗುವ ಇಂಥ ತಪ್ಪನ್ನು ಕೂಡಿಸಿ ತಿದ್ದುವುದು ಐ. ಸೈಕಲ್ ನೆಟ್ಟಗಾಗುತ್ತಿದೆ ಎನ್ನುವಾಗ ಮೊದಲೇ ಹ್ಯಾಂಡಲ್ ಸಡಿಲ ಬಿಡುತ್ತೀರಿ, ಇಲ್ಲದಿದ್ದರೆ ಆಚೆ ಬದಿಗೆ ಬೀಳುತ್ತೀರಿ. ಈ ತಡೆಯೇ ಡಿ.

ಪಿ ಹೆಚ್ಚಾದರೆ ಡ್ರೋನ್ ಗಡಗಡ ನಡುಗುತ್ತದೆ. ಕಡಿಮೆಯಾದರೆ ಸೋಮಾರಿಯಂತೆ ತಡವಾಗಿ ಪ್ರತಿಕ್ರಿಯಿಸುತ್ತದೆ. ಐ ಕಡಿಮೆಯಾದರೆ ಗಾಳಿಗೆ ಕೋನ ಹಿಡಿದು ನಿಲ್ಲುವುದಿಲ್ಲ, ತೀರಾ ಹೆಚ್ಚಾದರೆ ನಿಧಾನವಾಗಿ ತೊಯ್ದಾಡುತ್ತದೆ. ಡಿ ಹೆಚ್ಚಾದರೆ ಸಣ್ಣಪುಟ್ಟ ಕಂಪನವನ್ನೂ ದೊಡ್ಡದು ಮಾಡಿ ಮೋಟಾರ್ ಕಾಯಿಸುತ್ತದೆ.

ಹಾಗಾದರೆ ವಿಡಿಯೊದಲ್ಲಿ ತೋರಿಸಿದ ಅಂಕಿಗಳನ್ನು ಹಾಕಿಕೊಳ್ಳಬಹುದೇ? ಬೇಡ. ಆ ಅಂಕಿ ಅವರ ಡ್ರೋನಿನ ತೂಕ, ಮೋಟಾರ್, ಪ್ರೊಪೆಲ್ಲರ್, ಬ್ಯಾಟರಿಗೆ ಹೊಂದಿದ್ದು. ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗಾಗುತ್ತದೆ.

ಅಂಗಡಿಯಿಂದ ತಂದ ಸಿದ್ಧ ಡ್ರೋನ್ ಆಗಿದ್ದರೆ ಪಿಐಡಿ ಮುಟ್ಟುವ ಅಗತ್ಯವೇ ಇಲ್ಲ. ಕಂಪನಿ ಅದನ್ನು ಹೊಂದಿಸಿಯೇ ಕೊಟ್ಟಿರುತ್ತದೆ. ಆ್ಯಪ್ ಕೇಳಿದಾಗ ಸಮತಟ್ಟು ಜಾಗದಲ್ಲಿಟ್ಟು ಸೆನ್ಸರ್ ಕ್ಯಾಲಿಬ್ರೇಟ್ ಮಾಡಿ. ದಿಕ್ಸೂಚಿಯ ಕ್ಯಾಲಿಬ್ರೇಷನ್ ಮಾತ್ರ ಕಾರು, ಬೈಕು, ಕಬ್ಬಿಣದ ಕಂಬಿ, ಕಾಂಕ್ರೀಟ್ ಚಾವಣಿಗಳಿಂದ ದೂರವಿರಲಿ.

ನೀವೇ ಜೋಡಿಸಿದ ಡ್ರೋನ್ ಆಗಿದ್ದರೆ ಅಂಕಿಗೆ ಕೈಹಾಕುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ನಡುಕದ ಕಾರಣ ಎಷ್ಟೋ ಸಲ ಸೀಳಿದ ಪ್ರೊಪೆಲ್ಲರ್, ಸಡಿಲವಾದ ಸ್ಕ್ರೂ, ಬಾಗಿದ ಮೋಟಾರ್ ಶಾಫ್ಟ್ ಅಥವಾ ನಡುವಿಗೆ ಕೂರದ ಬ್ಯಾಟರಿ ಆಗಿರುತ್ತದೆ. ಬೀಟಾಫ್ಲೈಟ್‌ನಂಥ ಸಾಫ್ಟ್‌ವೇರ್ ಬಳಸುವವರು ಅದರ ಮೂಲ ಸೆಟ್ಟಿಂಗ್‌ನಿಂದಲೇ ಶುರು ಮಾಡಿ. ಆರ್ಡುಪೈಲಟ್‌ನಲ್ಲಿ ‘ಆಟೊಟ್ಯೂನ್’ ಇದೆ. ಕೈಯಿಂದ ತಿದ್ದುವುದಾದರೆ ಒಂದು ಸಲಕ್ಕೆ ಒಂದೇ ಅಂಕಿ, ಅದೂ ಸ್ವಲ್ಪವೇ. ಅರ್ಧ ನಿಮಿಷ ಹಾರಿಸಿ, ಇಳಿಸಿ, ಬ್ಯಾಟರಿ ಕಳಚಿ ಮೋಟಾರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಾಗಿದ್ದರೆ ಹಿಂದಿನ ಅಂಕಿಗೆ ಮರಳಿ.

ಎಲ್ಲಕ್ಕಿಂತ ಮುಖ್ಯ: ಮನೆಯೊಳಗೆ ಕಂಪ್ಯೂಟರಿಗೆ ಜೋಡಿಸಿ ಸೆಟ್ಟಿಂಗ್ ಬದಲಿಸುವಾಗ ಪ್ರೊಪೆಲ್ಲರ್‌ಗಳನ್ನು ಕಳಚಿಡಿ. ಮೋಟಾರ್ ಅಚಾನಕ್ ತಿರುಗಿದರೆ ಬೆರಳು ಕುಯ್ಯುವುದಕ್ಕೆ ಕ್ಷಣ ಸಾಕು. ಮಕ್ಕಳಿರುವ ಮನೆಯಲ್ಲಂತೂ ಈ ನಿಯಮ ಮುರಿಯಲೇಬೇಡಿ.

ಬ್ಯಾಟರಿ ಮತ್ತು ಬಿಸಿಲು

ಡ್ರೋನಿನಲ್ಲಿರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದು ಸಾಮಾನ್ಯ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹಾರಾಟದಲ್ಲಿ 3.5ರ ಹತ್ತಿರ ಬರುವಾಗಲೇ ಇಳಿಸಬೇಕು, 3.0ಕ್ಕಿಂತ ಕೆಳಗೆ ಹೋದರೆ ಸೆಲ್ ಹಾಳು. ವಾರಗಟ್ಟಲೆ ಬಳಸದಿದ್ದರೆ 3.8ರ ಸುಮಾರಿಗೆ ಇಟ್ಟಿಡಿ. ಶೇಕಡಾ ಲೆಕ್ಕ ತೋರಿಸುವ ಡ್ರೋನ್ ಆದರೆ 30ಕ್ಕೆ ಬಂದೊಡನೆ ವಾಪಸ್ ಕರೆಯಿರಿ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ದರ್ಶನಕ್ಕೆ ಹೋಗುವುದು ಅಪಾಯ. ಉಬ್ಬಿದ ಬ್ಯಾಟರಿಯನ್ನು "ಇನ್ನೊಂದೇ ಸಲ" ಎಂದು ಬಳಸಬೇಡಿ. ಬೆಂಕಿ ಹತ್ತಿದರೆ ಅದು ಸುಲಭಕ್ಕೆ ಆರುವುದಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದೂ ಬೇಡ. ಇನ್ನೊಂದು ಸಂಗತಿ: ಬಿಸಿ ಗಾಳಿ ತೆಳುವಾಗಿರುವುದರಿಂದ ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಮೋಟಾರ್ ಹೆಚ್ಚು ದುಡಿಯಬೇಕು. ಬೆಳಗಿನ ತಂಪು ಹೊತ್ತು ಎಲ್ಲ ಲೆಕ್ಕದಲ್ಲೂ ಒಳ್ಳೆಯದು.

"250 ಗ್ರಾಂ ಒಳಗಿದ್ದರೆ ಕಾನೂನೇ ಇಲ್ಲ": ನಿಜವೇ?

ಸುಳ್ಳು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೊ’, ಅಲ್ಲಿಂದ 2 ಕಿಲೋವರೆಗೆ ‘ಮೈಕ್ರೊ’. ನ್ಯಾನೊ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊವನ್ನು ಹಣಕ್ಕಲ್ಲದೆ ಹವ್ಯಾಸಕ್ಕೆ ಹಾರಿಸುವಾಗಲೂ ಬೇಡ. ಆದರೆ ಮದುವೆ ವಿಡಿಯೊಗೆ ದುಡ್ಡು ಪಡೆದು ಮೈಕ್ರೊ ಹಾರಿಸುವವರಿಗೆ ಬೇಕು. ಅದನ್ನು ಪಡೆಯಲು 18ರಿಂದ 65 ವರ್ಷದೊಳಗಿದ್ದು, ಹತ್ತನೇ ತರಗತಿ ಪಾಸಾಗಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. 250 ಗ್ರಾಂ ದಾಟಿದ ಡ್ರೋನಿಗೆ ನೋಂದಣಿ ಮಾಡಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು, ಮೂರನೆಯವರ ವಿಮೆಯೂ ಇರಬೇಕು.

ವಲಯದ ನಿಯಮ ಮಾತ್ರ ಎಲ್ಲರಿಗೂ ಒಂದೇ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಗುರುತಿರುತ್ತದೆ. ಹಳದಿ, ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ 200 ಗ್ರಾಂನ ಡ್ರೋನನ್ನೂ ಎತ್ತುವಂತಿಲ್ಲ. ಜಾತ್ರೆ, ಗಣ್ಯರ ಭೇಟಿಯಂಥ ಸಂದರ್ಭದಲ್ಲಿ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸುವ ಅವಕಾಶವೂ ಇದೆ. ಹೀಗಾಗಿ ಹಿಂದಿನ ವಾರ ನೋಡಿದ ನಕ್ಷೆ ಸಾಲದು, ಹಾರಿಸುವ ದಿನವೇ ನೋಡಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕು.

ಈ ಭಾಗದವರು ನಕ್ಷೆಯನ್ನು ಇನ್ನೂ ಎಚ್ಚರದಿಂದ ನೋಡಬೇಕು. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2017ರ ಮೇ 28ರಂದು ಉದ್ಘಾಟನೆಯಾದ ಈ ಕೇಂದ್ರದಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುತ್ತಾರೆ. ಇಸ್ರೊ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು 2023ರ ಏಪ್ರಿಲ್ 2ರಂದು ರನ್‌ವೇಗೆ ಇಳಿಸಿದ್ದೂ ಇಲ್ಲಿಯೇ. ಪರಿಣತರು ಹಾರಿಸಿದರೂ ಯಂತ್ರ ಬೀಳಬಹುದು ಎಂಬುದಕ್ಕೂ ಈ ಜಿಲ್ಲೆಯೇ ಸಾಕ್ಷಿ. ಪರೀಕ್ಷೆಯಲ್ಲಿದ್ದ ಡಿಆರ್‌ಡಿಒದ ಮಾನವರಹಿತ ವಿಮಾನ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ, ಮತ್ತೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಜಮೀನಿಗೆ ಬಿದ್ದವು. ಎರಡೂ ಸಲ ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಏಕೆಂದರೆ ಕೆಳಗೆ ಜನರಿರಲಿಲ್ಲ. ಬೆಟ್ಟದ ಮೆಟ್ಟಿಲ ಮೇಲೆ ಜನರಿರುತ್ತಾರೆ.

ಗುಡಿ, ಶಾಸನ, ಹೆಜ್ಜೇನು

ನಕ್ಷೆ ಹಸಿರಾಗಿದ್ದರೆ ಎಲ್ಲ ಮುಗಿಯಿತು ಎಂದಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಡ್ರೋನ್ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಗುಡಿಯವರನ್ನು ಕೇಳುವುದು ಮರ್ಯಾದೆ.

ಇನ್ನೊಂದನ್ನು ಹೊರಗಿನಿಂದ ಬಂದವರು ಮರೆಯುತ್ತಾರೆ. ಬಯಲುಸೀಮೆಯ ಬಂಡೆಬೆಟ್ಟಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದು ಸಾಮಾನ್ಯ. ಬಂಡೆಯ ಹತ್ತಿರ ಡ್ರೋನ್ ಗುಂಯ್‌ಗುಟ್ಟುತ್ತಾ ಹೋಗಿ ಹುಳುಗಳು ಕೆರಳಿದರೆ ಅವು ಡ್ರೋನನ್ನು ಕಚ್ಚುವುದಿಲ್ಲ, ಮೆಟ್ಟಿಲು ಹತ್ತುತ್ತಿರುವ ಅಜ್ಜಿಯನ್ನು, ಮಗುವನ್ನು ಕಚ್ಚುತ್ತವೆ. ಅವರಿಗೆ ಓಡಲು ಜಾಗವೂ ಇರುವುದಿಲ್ಲ. ಹದ್ದುಗಳೂ ಡ್ರೋನನ್ನು ವೈರಿ ಎಂದು ತಿಳಿದು ಎರಗಬಹುದು. ಹಕ್ಕಿ ಸುತ್ತತೊಡಗಿದರೆ ವಿಡಿಯೊ ಆಸೆ ಬಿಟ್ಟು ಇಳಿಸಿ.

ಹಾಗಾದರೆ ಹೊಸಬರು ಎಲ್ಲಿ ಕಲಿಯಬೇಕು?

ಬೆಟ್ಟದಲ್ಲಿ ಅಲ್ಲ. ಕಡಲೆಕಾಯಿ ಕಿತ್ತು ಖಾಲಿಯಾದ ಹೊಲ ಸಾಕು, ಮಾಲೀಕರ ಒಪ್ಪಿಗೆ ಇರಲಿ. ತಂತಿ, ದನಕರು, ಜನ ಇಲ್ಲದ ಜಾಗ ನೋಡಿ. ಧೂಳು ಮೋಟಾರಿಗೆ ಹೋಗದಂತೆ ಒಂದು ಚಾಪೆ ಹಾಸಿ ಅದರ ಮೇಲಿಂದ ಎತ್ತಿ. ಮೊದಲು ಕಣ್ಣೆತ್ತರದಲ್ಲಿ ಒಂದೇ ಕಡೆ ನಿಲ್ಲಿಸುವುದನ್ನು ಕಲಿಯಿರಿ. ಆಮೇಲೆ ಚೌಕ, ಆಮೇಲೆ ಎಂಟರ ಆಕಾರ. ಡ್ರೋನಿನ ಮುಖ ನಿಮ್ಮ ಕಡೆ ಇರುವಾಗ ಎಡಬಲ ಅದಲುಬದಲಾಗುತ್ತದೆ. ಗಾಬರಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅದು ಕೈಗೆ ರೂಢಿಯಾಗುವವರೆಗೆ ದೂರ ಬಿಡಬೇಡಿ. ಗೊಂದಲವಾದರೆ ಎರಡೂ ಸ್ಟಿಕ್ ಬಿಡಿ, ಜಿಪಿಎಸ್ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಜಿಪಿಎಸ್ ಇಲ್ಲದ್ದು ಗಾಳಿಗೆ ತೇಲುತ್ತದೆ, ಇದೂ ನೆನಪಿರಲಿ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿಡಿ

• ಪರದೆಯ ಎತ್ತರ ನೀವು ಮೇಲೆಬ್ಬಿಸಿದ ಜಾಗದಿಂದ ಎಣಿಸಿದ್ದು, ಡ್ರೋನಿನ ಕೆಳಗಿನ ನೆಲದಿಂದ ಅಲ್ಲ.
• ‘ರಿಟರ್ನ್ ಟು ಹೋಮ್’ ನೀವು ಇಟ್ಟ ಎತ್ತರದಲ್ಲೇ ಬರುತ್ತದೆ. ನಡುವೆ ಬೆಟ್ಟವಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ.
• ಇನ್ನೊಬ್ಬರ ಪಿಐಡಿ ಅಂಕಿ ನಿಮ್ಮ ಡ್ರೋನಿಗೆ ಹೊಂದುವುದಿಲ್ಲ. ಮೊದಲು ಪ್ರೊಪೆಲ್ಲರ್, ಸ್ಕ್ರೂ ನೋಡಿ.
• 250 ಗ್ರಾಂ ಒಳಗಿನ ಡ್ರೋನಿಗೂ ವಲಯದ ನಿಯಮ, 120 ಮೀಟರ್ ಮಿತಿ ಅನ್ವಯಿಸುತ್ತದೆ.
• ಜನರ ತಲೆಯ ಮೇಲೆ, ಬಂಡೆಯ ಜೇನುಗೂಡಿನ ಬಳಿ ಹಾರಿಸಬೇಡಿ.

ಡ್ರೋನಿಗೆ ಜಿಪಿಎಸ್ ಇದೆ, ಕ್ಯಾಮೆರಾ ಇದೆ. ತಾನು ಹಾರುತ್ತಿರುವ ಊರು ಮಾತ್ರ ಅದಕ್ಕೆ ಗೊತ್ತಿಲ್ಲ. ಬೆಟ್ಟ ಎಲ್ಲಿ ಏರುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ, ಜೇನು ಎಲ್ಲಿ ಕಟ್ಟಿದೆ, ಜನ ಯಾವ ಹೊತ್ತಿಗೆ ಮೆಟ್ಟಿಲು ಹತ್ತುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಊರಿನವರನ್ನು ಕೇಳಿ, ಆಮೇಲೆ ಬ್ಯಾಟರಿ ಹಾಕಿ.